ಹಣ ಕಟ್ಟಿದರೆ ಗೂಗಲ್‌ನಲ್ಲಿ ಮೊದಲ ಸ್ಥಾನ ಖಚಿತವೇ?

“ಗೂಗಲ್ ನಿಯಮ ಬದಲಾಗಿದೆ. ನಿಮ್ಮ ವೆಬ್‌ಸೈಟ್ ಇನ್ನು ಕಾಣಿಸುವುದಿಲ್ಲ. ಹಣ ಕಟ್ಟಿ, ಮೊದಲ ಸ್ಥಾನ ಗ್ಯಾರಂಟಿ!” ಹೋಂಸ್ಟೇ, ಟ್ಯೂಷನ್, ಉಪ್ಪಿನಕಾಯಿ ವ್ಯಾಪಾರ ನಡೆಸುವವರ ವಾಟ್ಸ್ಆ್ಯಪ್‌ಗೆ ಇಂಥ ಸಂದೇಶಗಳು ಬರುತ್ತಿರುತ್ತವೆ. ಇದರಲ್ಲಿ ನಿಜವೆಷ್ಟು?

ನಿಯಮ ಬದಲಾಗುವುದು ನಿಜ. ಯಾವ ಪುಟವನ್ನು ಮೇಲೆ ತೋರಿಸಬೇಕು ಎಂಬ ಲೆಕ್ಕಾಚಾರವನ್ನು ಗೂಗಲ್ ಆಗಾಗ ತಿದ್ದುತ್ತದೆ. 2011ರ ‘ಪಾಂಡಾ’ ಬದಲಾವಣೆ ನಕಲು ಬರಹ, ಹುರುಳಿಲ್ಲದ ಬರಹ ತುಂಬಿದ್ದ ತಾಣಗಳನ್ನು ಕೆಳಕ್ಕೆ ತಳ್ಳಿತು. 2012ರ ‘ಪೆಂಗ್ವಿನ್’, ಲಿಂಕ್‌ಗಳನ್ನು ಕೊಂಡುಕೊಂಡು ಮೇಲೇರಿದ್ದವರನ್ನು ಕೆಳಗಿಳಿಸಿತು. 2024ರ ಮಾರ್ಚ್ 5ರಂದು ಶುರುವಾದ ಬದಲಾವಣೆ ಪೂರ್ಣಗೊಳ್ಳಲು 45 ದಿನ ಬೇಕಾಯಿತು.

ಇಂಥ ಸಮಯದಲ್ಲಿ ತಪ್ಪು ಮಾಡದವರ ತಾಣವೂ ಕೆಳಗಿಳಿಯಬಹುದು. ಬೇರೊಂದು ಪುಟ ಹೆಚ್ಚು ಉಪಯುಕ್ತ ಎಂದು ಗೂಗಲ್‌ಗೆ ಅನ್ನಿಸಿದರೆ ಸಾಕು. ತಾಣಕ್ಕೆ ಬರುವವರು ಕಡಿಮೆಯಾದರೆ ಗಿರಾಕಿಗಳೂ ಕಡಿಮೆಯಾಗುತ್ತಾರೆ. ಈ ಭಯವೇ ಅಂಥ ಸಂದೇಶಗಳ ಬಂಡವಾಳ.

ಆದರೆ ಗ್ಯಾರಂಟಿ ಎಂಬುದು ಸುಳ್ಳು. ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ಲೇ ಹೇಳುತ್ತದೆ. ಗೂಗಲ್‌ಗೆ ಹಣ ಕೊಟ್ಟರೆ ಸಿಗುವುದು ಜಾಹೀರಾತಿನ ಜಾಗ ಮಾತ್ರ. ಅದು ಜಾಹೀರಾತು ಎಂಬ ಗುರುತೂ ಅಲ್ಲಿರುತ್ತದೆ. ಗ್ಯಾರಂಟಿ ಕೊಟ್ಟವರು ನಿಮ್ಮ ಹೆಸರಿನಲ್ಲಿ ಲಿಂಕ್ ಖರೀದಿಸಿದರೆ, ಅದೇ ಕಾರಣಕ್ಕೆ ನಿಮ್ಮ ತಾಣ ಇನ್ನಷ್ಟು ಕೆಳಗಿಳಿಯಬಹುದು.

ಹಾಗಾದರೆ ಏನು ಮಾಡಬೇಕು? ‘ಗೂಗಲ್ ಸರ್ಚ್ ಕನ್ಸೋಲ್’ ಉಚಿತ. ಯಾವ ಪುಟಕ್ಕೆ, ಯಾವಾಗಿನಿಂದ ಕ್ಲಿಕ್ ಕಡಿಮೆಯಾಗಿದೆ ಎಂದು ಅಲ್ಲಿ ನೋಡಿ. ದರ, ವಿಳಾಸ, ಫೋಟೊ ಹಳೆಯದಾಗಿದ್ದರೆ ಸರಿಪಡಿಸಿ. ಹಳೇ ಗಿರಾಕಿಗಳ ಫೋನ್ ನಂಬರ್ ಜೋಪಾನವಾಗಿಟ್ಟುಕೊಳ್ಳಿ. ಅವರನ್ನು ತಲುಪಲು ಗೂಗಲ್ ಬೇಕಿಲ್ಲ. ಪಾಸ್‌ವರ್ಡ್ ಮಾತ್ರ ಅಪರಿಚಿತರಿಗೆ ಕೊಡಬೇಡಿ.