ಬುಗುರಿಯ ಬೆಲೆಯಲ್ಲಿ ಏನೇನಿದೆ?

ಎಂಟನೇ ತರಗತಿಯ ‘ಘರ್ಷಣೆ’ ಪಾಠಕ್ಕೆ ಕ್ಯಾತನಹಳ್ಳಿಯ ಅಭ್ಯಾಸ ಬೋಧನೆಯಲ್ಲಿ ನಾನು ಆರಿಸಿಕೊಂಡ ಬೋಧನೋಪಕರಣ ಚನ್ನಪಟ್ಟಣದ ಮರದ ಬುಗುರಿ. ಪಾಂಡವಪುರದಿಂದ ಬೆಂಗಳೂರಿಗೆ ರೈಲಿನಲ್ಲಿ ಹೋದವರಿಗೆ ಆ ಊರು ಹೊಸದಲ್ಲ. ವಿಜ್ಞಾನದ ಈ ಪಾಠವನ್ನು ಸಮಾಜ ವಿಜ್ಞಾನದ ಒಂದು ಪ್ರಶ್ನೆಗೂ ಜೋಡಿಸಬಹುದು: ಊರುಗಳು, ನಗರಗಳು ಯಾವುದರ ಬಲದಿಂದ ಪೈಪೋಟಿಯಲ್ಲಿ ನಿಲ್ಲುತ್ತವೆ?

ಮೊದಲು ವಿಜ್ಞಾನ. ಹಾಲೆ ಮರದ ತುಂಡನ್ನು ಲೇತಿನಲ್ಲಿ ತಿರುಗಿಸುತ್ತಾ ಉಳಿಯಿಂದ ಆಕಾರ ಕೊಡುತ್ತಾರೆ. ಬಳಿಕ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿಯಿಂದ ಉಜ್ಜಿದರೆ ಹೊಳಪು. ಎಷ್ಟು ಒತ್ತಬೇಕೆಂಬುದು ಪಳಗಿದ ಕೈಗೇ ಗೊತ್ತು.

ಇಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಪ್ಲಾಸ್ಟಿಕ್ ಬುಗುರಿ ಕಮ್ಮಿ ದುಡ್ಡಿಗೆ ಸಿಗುತ್ತಲ್ಲ ಮಿಸ್, ಇದ್ಯಾಕೆ ಜಾಸ್ತಿ?”

ಕಪ್ಪುಹಲಗೆಯ ಮೇಲೆ ನಾಲ್ಕು ಅಂಕಣ ಎಳೆದೆ: ಕಚ್ಚಾ ವಸ್ತು, ಕೈಚಳಕ, ವಿನ್ಯಾಸ, ಊರಿನ ಹೆಸರು. ಮರ, ಅರಗನ್ನು ಯಾರು ಬೇಕಾದರೂ ಕೊಳ್ಳಬಹುದು. ಉಳಿದ ಮೂರನ್ನು ಲಾರಿಗೆ ತುಂಬಿ ಒಯ್ಯಲಾಗದು. ಅಗ್ಗದಲ್ಲಿ ಚನ್ನಪಟ್ಟಣ ಯಂತ್ರದ ಆಟಿಕೆಯನ್ನು ಗೆಲ್ಲಲಾರದು. ಅದರ ಬಲ ಈ ಮೂರರಲ್ಲಿದೆ. ಸೃಜನಶೀಲ ದುಡಿಮೆಗಾರರು ನಗರದ ಆರ್ಥಿಕ ಶಕ್ತಿ ಎಂಬ ವಾದವನ್ನು ಅಮೆರಿಕದ ರಿಚರ್ಡ್ ಫ್ಲಾರಿಡಾ 2002ರಲ್ಲಿ ಪುಸ್ತಕವಾಗಿ ಮುಂದಿಟ್ಟರು. ಯುನೆಸ್ಕೊ 2004ರಲ್ಲಿ ಸೃಜನಶೀಲ ನಗರಗಳ ಜಾಲ ಆರಂಭಿಸಿತು. ಕರಕುಶಲಕ್ಕಾಗಿ ಜೈಪುರ 2015ರಲ್ಲಿ, ಸಂಗೀತಕ್ಕಾಗಿ ಚೆನ್ನೈ 2017ರಲ್ಲಿ ಅದನ್ನು ಸೇರಿದವು.

ಚನ್ನಪಟ್ಟಣದ ಆಟಿಕೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಬೇರೆಡೆ ಮಾಡಿದ ಆಟಿಕೆಯನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಆದರೆ ಈ ಮಾನ್ಯತೆ ಕಾಯುವುದು ಹೆಸರನ್ನು, ಕೂಲಿಯನ್ನಲ್ಲ. ಬೆಲೆಯಲ್ಲಿ ಕುಶಲಕರ್ಮಿಯ ಪಾಲು ಸಾಲದಿದ್ದರೆ ಅವರ ಮಕ್ಕಳು ಬೇರೆ ಕೆಲಸ ಹಿಡಿಯುತ್ತಾರೆ. ಆಗ ಹೆಸರು ಉಳಿದು ಕೈ ಹೋಗುತ್ತದೆ. ನಗರದ ಸ್ಪರ್ಧಾಶಕ್ತಿಯ ಮಾತು ಬಂದಾಗ ಈ ಅಂಶವನ್ನು ಬಿಟ್ಟರೆ ಪಾಠ ಅರ್ಧವಾಗುತ್ತದೆ.

ಮೌಲ್ಯಮಾಪನಕ್ಕೆ ಒಂದು ಮನೆಗೆಲಸ ಕೊಡಬಹುದು: ಆಲೆಮನೆಯ ಬೆಲ್ಲವನ್ನೂ ಮೇಲುಕೋಟೆಯ ಪುಳಿಯೋಗರೆಯನ್ನೂ ಇದೇ ನಾಲ್ಕು ಅಂಕಣಗಳಲ್ಲಿ ಬರೆಯಿರಿ. ಯಾವ ಅಂಕಣದ ದುಡಿಮೆಗೆ ಹಣ ಕಡಿಮೆ ಸೇರುತ್ತದೆ, ಏಕೆ? ಪಾಕದ ಹದ ನೋಡುವ ಅಪ್ಪನ ಕೆಲಸವನ್ನು ‘ಕೌಶಲ’ ಎಂದು ಮಗು ಬರೆದರೆ ಕಲಿಕಾ ಫಲ ಸಿಕ್ಕಿತೆಂದೇ ನಾನು ಭಾವಿಸುತ್ತೇನೆ.