ಪುಟದೊಳಗಿನ ಪುಟ: ಚೌಕಟ್ಟು ಏಕೆ ಬರಿದಾಗುವುದು?

ಈಚೆಗೆ ನಮ್ಮ ವಿದ್ಯಾರ್ಥಿನಿಯೊಬ್ಬಳು ಬಹಳ ಕಳವಳದಿಂದ ನಮ್ಮ ಬಳಿಗೆ ಬಂದಳು. ಕಿರುಪರೀಕ್ಷೆಗೆಂದು ನಾವು ಸಿದ್ಧಪಡಿಸಿದ್ದ ಜಾಲಪುಟದ ನಡುವೆ, ಬೇರೊಂದು ಸಂಸ್ಥೆಯ ತಾಣದಲ್ಲಿದ್ದ ಪ್ರಶ್ನಪತ್ರಿಕೆಯನ್ನು ಒಂದು ಚೌಕಟ್ಟಿನಲ್ಲಿ ಕೂರಿಸಿದ್ದೆವು. ಆಕೆಯ ಐಫೋನಿನಲ್ಲಿ ಪಾಸ್‌ವರ್ಡನ್ನು ಎಷ್ಟು ಸಲ ಸರಿಯಾಗಿ ಕೊಟ್ಟರೂ ಆ ಚೌಕಟ್ಟು ಮರಳಿ ಪಾಸ್‌ವರ್ಡನ್ನೇ ಕೇಳುತ್ತಿತ್ತು. ಪ್ರಯೋಗಶಾಲೆಯ ಕಂಪ್ಯೂಟರಿನ ಕ್ರೋಮ್ ಬ್ರೌಸರಿನಲ್ಲಾದರೋ ಅದೇ ಪುಟ ಸರಾಗವಾಗಿ ತೆರೆಯಿತು. “ತಪ್ಪು ನನ್ನದೇ ಇರಬೇಕು, ಸಾರ್” ಎಂದಳು. ತಪ್ಪು ಆಕೆಯದಾಗಿರಲಿಲ್ಲ. ಹಾಗಾದರೆ ಯಾರದು? ಇದನ್ನು ಇಲ್ಲಿ ವಿಚಾರಿಸೋಣ.

ಒಂದು ಜಾಲಪುಟದೊಳಗೆ ಮತ್ತೊಂದು ಜಾಲಪುಟವನ್ನು ತೋರಿಸುವ ಈ ಚೌಕಟ್ಟಿಗೆ ಐಫ್ರೇಮ್ ಎಂದು ಹೆಸರು. 1997ರಲ್ಲಿ ಪ್ರಕಟವಾದ ಎಚ್‌ಟಿಎಂಎಲ್ 4.0 ನಿಯಮಾವಳಿಯಲ್ಲಿಯೇ ಇದಕ್ಕೆ ಸ್ಥಾನ ದೊರೆತಿತ್ತು. ಇಂದು ಭೂಪಟ, ಚಲಚ್ಚಿತ್ರ, ಹಣ ಪಾವತಿಯ ನಮೂನೆ ಮುಂತಾದವು ಅನೇಕ ಪುಟಗಳಲ್ಲಿ ಈ ರೀತಿಯಾಗಿಯೇ ಕಾಣಿಸಿಕೊಳ್ಳುವುವು. ನೋಡುವ ಕಣ್ಣಿಗೆ ಎಲ್ಲವೂ ಒಂದೇ ಪುಟ. ಬ್ರೌಸರಿಗೆ ಮಾತ್ರ ಅವು ಬೇರೆ ಬೇರೆ. ಒಂದೇ ಸೂರಿನ ಕೆಳಗೆ ಎರಡು ಸಂಸಾರಗಳು ಬೇರೆ ಬೇರೆ ಒಲೆ ಹೂಡಿರುವಂತೆ ಇದೆಯೆನ್ನಬಹುದು. ವಿಳಾಸದ ಮೂರು ಅಂಶಗಳು, ಎಂದರೆ ಪ್ರೋಟೋಕಾಲ್, ತಾಣದ ಹೆಸರು ಮತ್ತು ಪೋರ್ಟ್ ಸಂಖ್ಯೆ, ಒಂದೇ ಆಗಿದ್ದರೆ ಮಾತ್ರ ಎರಡು ಪುಟಗಳು ಒಂದೇ ಮೂಲದವು. ಮೂಲ ಬೇರೆಯಾದರೆ ಒಂದು ಪುಟವು ಇನ್ನೊಂದರ ಒಳಹೊಕ್ಕು ಓದಲಾರದು. ಈ ನಿಯಮವಿಲ್ಲದಿದ್ದರೆ ಯಾವುದೋ ಜಾಹೀರಾತಿನ ಪುಟವು ನಮ್ಮ ಬ್ಯಾಂಕಿನ ಲೆಕ್ಕವನ್ನು ಓದಿಬಿಡುತ್ತಿತ್ತು!

ಚೌಕಟ್ಟು ಕೆಡುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳುಂಟು.

ಮೊದಲನೆಯದು, ಒಳಗಿನ ಪುಟದ ನಿರಾಕರಣೆ. ಬ್ಯಾಂಕಿನ ಪುಟವನ್ನು ಕಣ್ಣಿಗೆ ಕಾಣದಂತೆ ಪಾರದರ್ಶಕವಾಗಿ ಹರಡಿ, ಅದರ ಕೆಳಗೆ ‘ಬಹುಮಾನ ಪಡೆಯಿರಿ’ ಎಂಬ ಗುಂಡಿಯನ್ನಿಟ್ಟರೆ, ಬಹುಮಾನದ ಆಸೆಯಿಂದ ಒತ್ತಿದವನು ನಿಜವಾಗಿ ಹಣ ವರ್ಗಾವಣೆಯ ಗುಂಡಿಯನ್ನು ಒತ್ತಿರುವನು. 2008ರಲ್ಲಿ ಈ ಮೋಸಕ್ಕೆ ಕ್ಲಿಕ್‌ಜ್ಯಾಕಿಂಗ್ ಎಂಬ ಹೆಸರು ಬಂದಿತು. ಇದನ್ನು ತಡೆಯಲು ‘ನನ್ನನ್ನು ಪರರ ಚೌಕಟ್ಟಿನಲ್ಲಿ ಕೂರಿಸಬೇಡಿ’ ಎಂಬ ಆದೇಶವನ್ನು ಪುಟದೊಡನೆ ಕಳುಹಿಸುವ ಪದ್ಧತಿ ಹುಟ್ಟಿತು. ಎಕ್ಸ್-ಫ್ರೇಮ್-ಆಪ್ಷನ್ಸ್ ಎಂಬ ಈ ಆದೇಶವನ್ನು 2009ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಇಂಟರ್ನೆಟ್ ಎಕ್ಸ್‌ಪ್ಲೋರರ್ 8ರಲ್ಲಿ ಬಳಕೆಗೆ ತಂದಿತು. ಆದರೆ ಗೊತ್ತಾದ ಒಂದು ತಾಣಕ್ಕೆ ಮಾತ್ರ ಅನುಮತಿ ಕೊಡುವ ಅದರ ಒಂದು ರೂಪವನ್ನು ಕ್ರೋಮ್ ಮತ್ತು ಸಫಾರಿಗಳು ಒಪ್ಪಿಕೊಳ್ಳಲಿಲ್ಲ. ಆದುದರಿಂದಲೇ ಒಂದೇ ಆದೇಶಕ್ಕೆ ಬ್ರೌಸರುಗಳು ಭಿನ್ನವಾಗಿ ನಡೆದುಕೊಂಡವು. ಈಗ ಆ ಕೆಲಸಕ್ಕೆ ಫ್ರೇಮ್-ಆನ್ಸೆಸ್ಟರ್ಸ್ ಎಂಬ ಹೊಸ ಆದೇಶವನ್ನು ಬಳಸತಕ್ಕದ್ದು.

ಎರಡನೆಯದು ಕುಕಿ. ಒಳಗೆ ಬಂದವರು ಯಾರೆಂದು ಸರ್ವರು ನೆನಪಿಟ್ಟುಕೊಳ್ಳಲು ಬ್ರೌಸರಿನ ಕೈಗೆ ಕೊಡುವ ಗುರುತಿನ ಚೀಟಿಯೇ ಕುಕಿ. ಪರರ ಪುಟಗಳಲ್ಲಿ ಹುದುಗಿದ ಜಾಹೀರಾತಿನ ಚೌಕಟ್ಟುಗಳು ಈ ಚೀಟಿಯ ಸಹಾಯದಿಂದಲೇ ಜನರನ್ನು ತಾಣದಿಂದ ತಾಣಕ್ಕೆ ಹಿಂಬಾಲಿಸತೊಡಗಿದುವು. ಬ್ರೌಸರುಗಳು ಇದನ್ನು ತಡೆದುವು. ಆದರೆ ತಡೆದ ಬಗೆ ಒಂದೇ ಅಲ್ಲ. 2020ರಲ್ಲಿ ಸಫಾರಿಯು ಪರತಾಣದ ಕುಕಿಗಳನ್ನೆಲ್ಲ ನಿರ್ಬಂಧಿಸಿತು. 2022ರಲ್ಲಿ ಫೈರ್‌ಫಾಕ್ಸು ಪ್ರತಿ ತಾಣಕ್ಕೂ ಬೇರೆ ಬೇರೆ ಡಬ್ಬಿಯನ್ನಿಟ್ಟು ಚೀಟಿಗಳು ಬೆರೆಯದಂತೆ ಮಾಡಿತು. ಕ್ರೋಮಾದರೋ 2020ರಿಂದ, ‘ಸೇಮ್‌ಸೈಟ್ ನನ್’ ಮತ್ತು ‘ಸೆಕ್ಯೂರ್’ ಎಂಬ ಎರಡು ಗುರುತುಗಳಿದ್ದರೆ ಮಾತ್ರ ಅಂತಹ ಕುಕಿಗೆ ದಾರಿ ಬಿಡುವುದು. ನಮ್ಮ ವಿದ್ಯಾರ್ಥಿನಿಯ ತೊಂದರೆಗೆ ಕಾರಣ ಇಲ್ಲಿಯೇ ಇದ್ದಿತು. ಸರ್ವರು ಚೀಟಿ ಕೊಡುತ್ತಿತ್ತು, ಸಫಾರಿ ಅದನ್ನು ಬಿಸುಡುತ್ತಿತ್ತು, ಸರ್ವರು ಪುನಃ ‘ನೀವು ಯಾರು?’ ಎನ್ನುತ್ತಿತ್ತು.

ಮೂರನೆಯದು, ಹೊರಗಿನ ಪುಟದ ಕೊರತೆ. ಎಚ್‌ಟಿಟಿಪಿಎಸ್ ಎಂಬ ಸುರಕ್ಷಿತ ಮಾರ್ಗದಲ್ಲಿ ಬಂದ ಪುಟದೊಳಗೆ ಅಸುರಕ್ಷಿತ ಮಾರ್ಗದ ಚೌಕಟ್ಟನ್ನು ಬ್ರೌಸರು ಬಿಟ್ಟುಕೊಳ್ಳದು. ಅಂತೆಯೇ ಪರತಾಣದ ಚೌಕಟ್ಟು ಕ್ಯಾಮೆರಾವನ್ನು ಬಳಸಬೇಕಾದರೆ ಹೊರಗಿನ ಪುಟವು ‘ಅಲೌ’ ಎಂಬ ಗುಣಪದದ ಮೂಲಕ ಸ್ಪಷ್ಟವಾಗಿ ಅನುಮತಿ ನೀಡಿರಬೇಕು.

ಇನ್ನು ದೋಷವನ್ನು ಕಂಡುಹಿಡಿಯುವ ಕ್ರಮ. ಇದು ಭೌತವಿಜ್ಞಾನದ ಪ್ರಯೋಗದಂತೆಯೇ: ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕು. ಮೊದಲು ಒಳಗಿನ ಪುಟದ ವಿಳಾಸವನ್ನು ಪ್ರತ್ಯೇಕ ಕಿಟಕಿಯಲ್ಲಿ ತೆರೆಯಿರಿ. ಅಲ್ಲಿಯೂ ತೆರೆಯದಿದ್ದರೆ ದೋಷ ಚೌಕಟ್ಟಿನದಲ್ಲ. ತೆರೆದರೆ, ಬ್ರೌಸರಿನ ಡೆವಲಪರ್ ಟೂಲ್ಸ್ ಎಂಬ ಭಾಗದಲ್ಲಿರುವ ಕನ್ಸೋಲನ್ನು ನೋಡಿರಿ. ನಿರಾಕರಣೆಯೋ ಅಸುರಕ್ಷಿತ ಮಾರ್ಗವೋ ಎಂಬುದು ಸಾಮಾನ್ಯವಾಗಿ ಅಲ್ಲಿ ಬರೆದಿರುವುದು. ಏನೂ ಇಲ್ಲದೆ ಲಾಗಿನ್ ಮಾತ್ರ ಮರುಕಳಿಸುತ್ತಿದ್ದರೆ ಕುಕಿಯನ್ನು ಸಂದೇಹಿಸಬೇಕು. ಅನಂತರ ಅದೇ ಪುಟವನ್ನು ಬೇರೆ ಬ್ರೌಸರಿನಲ್ಲಿ ಪರೀಕ್ಷಿಸಿ ಹೋಲಿಸಬೇಕು.

ಬಳಕೆದಾರನು ಬ್ರೌಸರಿನ ರಕ್ಷಣೆಯನ್ನು ತೆಗೆದುಹಾಕುವುದು ಪರಿಹಾರವಲ್ಲ. ಅದು ಕಳ್ಳನ ಭಯಕ್ಕೆ ಹಾಕಿದ ಅಗಳಿಯನ್ನು ನೆಂಟನಿಗಾಗಿ ಕಿತ್ತುಹಾಕಿದಂತೆ. ಪರಿಹಾರವನ್ನು ಪುಟ ರಚಿಸಿದವರೇ ಒದಗಿಸಬೇಕು. ನಾವು ಮಾಡಿದುದಿಷ್ಟೆ: ಚೌಕಟ್ಟಿನ ಕೆಳಗೆ, ಪ್ರಶ್ನಪತ್ರಿಕೆಯು ತನ್ನದೇ ಕಿಟಕಿಯಲ್ಲಿ ತೆರೆಯುವಂತೆ ಒಂದು ಕೊಂಡಿಯನ್ನು ಸೇರಿಸಿದೆವು. ಅಲ್ಲಿ ಅದು ಪರತಾಣವಲ್ಲವಾದುದರಿಂದ ಚೀಟಿ ಉಳಿಯಿತು, ಹುಡುಗಿ ಪರೀಕ್ಷೆಯನ್ನು ಬರೆದಳು. ಪುಟವನ್ನು ಒಂದೇ ಬ್ರೌಸರಿನಲ್ಲಿ ನೋಡಿ ತೃಪ್ತರಾದ ನಮ್ಮ ಅಜಾಗ್ರತೆಯನ್ನು ಆಕೆ ತನ್ನ ತಪ್ಪೆಂದು ತಿಳಿದಿದ್ದಳು. ಬರಿದಾದ ಚೌಕಟ್ಟಿನ ಮುಂದೆ ಹೀಗೆ ತಮ್ಮನ್ನೇ ಹಳಿದುಕೊಳ್ಳುವವರು ಎಷ್ಟು ಮಂದಿಯೋ!