ಗೊಮ್ಮಟನ ನೆರಳಿನಲ್ಲೊಂದು ಮಹಾಸಂಖ್ಯೆ

ಚನ್ನರಾಯಪಟ್ಟಣದ ನಮಗೆ ಶ್ರವಣಬೆಳಗೊಳವೆಂದರೆ ಮೊದಲು ನೆನಪಾಗುವುದು ಬೆಟ್ಟದ ಮೇಲಿನ ಗೊಮ್ಮಟ. ಆ ಮೂರ್ತಿಯನ್ನು ಸುಮಾರು 981ರಲ್ಲಿ ನಿಲ್ಲಿಸಿದವನು ಚಾವುಂಡರಾಯ. ಅವನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಪ್ರಾಕೃತ ಕೃತಿ 'ಗೊಮ್ಮಟಸಾರ'ದಲ್ಲಿ ಇಪ್ಪತ್ತೊಂಬತ್ತು ಅಂಕಗಳ ಒಂದು ಸಂಖ್ಯೆ ಬರುತ್ತದೆ. ಕೇಳುತ್ತಿರುವವರು ಕಾಗದವಿದ್ದರೆ ಬರೆದುಕೊಳ್ಳಬಹುದು: 79228162514264337593543950336. ಪರ್ಯಾಪ್ತ ಮನುಷ್ಯರ ಸಂಖ್ಯೆ ಇದೆಂದು ಜೈನಾಗಮದ ನಿರೂಪಣೆ. ಜೈನರ ಮನುಷ್ಯಲೋಕ ನಮ್ಮ ಭೂಗೋಳಕ್ಕಿಂತ ಬಹು ವಿಸ್ತಾರವಾದದ್ದು. ಆದಕಾರಣ ಇದನ್ನು ಇಂದಿನ ಜನಗಣತಿಯೊಡನೆ ತೂಗಬೇಕಾಗಿಲ್ಲ. ಸಂಖ್ಯೆಯ ಸ್ವಭಾವವನ್ನಷ್ಟೇ ನೋಡೋಣ.

ಎರಡರ ವರ್ಗ 4. ಅದರ ವರ್ಗ 16. ಮುಂದೆ 256, 65536, 4294967296. ಇದು ಐದನೆಯ ವರ್ಗ. ಆರನೆಯದು 18446744073709551616. ಮೊದಲ ಅಂಕಗಳನ್ನು ಹಿಡಿದು ನಾಲ್ಕನೆಯದನ್ನು 'ಪಣ್ಣಟ್ಠಿ', ಎಂದರೆ ಅರವತ್ತೈದು, ಐದನೆಯದನ್ನು 'ಬಾದಾಲ', ಎಂದರೆ ನಲವತ್ತೆರಡು, ಎಂದು ಕರೆಯುವುದು ರೂಢಿ. ಐದನೆಯ ಮತ್ತು ಆರನೆಯ ವರ್ಗಗಳ ಗುಣಲಬ್ಧವೇ ನಮ್ಮ ಮಹಾಸಂಖ್ಯೆ. ಐದನೆಯದು 32 ಎರಡುಗಳ ಗುಣಲಬ್ಧ, ಆರನೆಯದು 64 ಎರಡುಗಳದು, ಒಟ್ಟು 96. ಆದ್ದರಿಂದ ಇದನ್ನು ಅರ್ಧಿಸುತ್ತ ಹೋದರೆ ತೊಂಬತ್ತಾರನೆಯ ಸಲಕ್ಕೆ ಒಂದು ಉಳಿಯುತ್ತದೆ. ಈ ಎಣಿಕೆಗೆ 'ಅರ್ಧಚ್ಛೇದ'ವೆಂದು ಹೆಸರು. ಸಂಖ್ಯೆಗಳನ್ನು ಗುಣಿಸಿದಾಗ ಅವುಗಳ ಅರ್ಧಚ್ಛೇದಗಳು ಕೂಡುತ್ತವೆಂಬುದನ್ನು ಒಂಬತ್ತನೆಯ ಶತಮಾನದ ವೀರಸೇನರ 'ಧವಲಾ' ಟೀಕೆ ಬಲ್ಲದು. ಯೂರೋಪಿನಲ್ಲಿ ನೇಪಿಯರ್ 1614ರಲ್ಲಿ ಪ್ರಕಟಿಸಿದ ಲಾಗರಿದಮ್ಮಿನ ತಿರುಳೂ ಇದೇ.

ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಹೆಚ್ಚಿನ ಬೆರಗು ಇದನ್ನು ಹೇಳಿದ ಬಗೆಯಲ್ಲಿ. ಇಪ್ಪತ್ತೊಂಬತ್ತು ಅಂಕಗಳೂ ಒಂದೇ ಗಾಹೆಯೊಳಗೆ ಅಕ್ಷರಗಳಾಗಿ ಅಡಗಿವೆ. ಕಕಾರದಿಂದ ಒಂಬತ್ತು ಅಕ್ಷರ, ಟಕಾರದಿಂದ ಒಂಬತ್ತು, ಪಕಾರದಿಂದ ಐದು, ಯಕಾರದಿಂದ ಎಂಟು. ಪ್ರತಿ ಗುಂಪಿನಲ್ಲಿಯೂ ಒಂದರಿಂದ ಮೊದಲಾಗಿ ಕ್ರಮವಾಗಿ ಬೆಲೆ. ನಕಾರ ಸೊನ್ನೆ. ಕೂಡಿಕೊಂಡ ಸ್ವರಕ್ಕೆ ಬೆಲೆಯಿಲ್ಲ. ಓದಬೇಕಾದದ್ದು ಹಿಂದುಮುಂದಾಗಿ. ಗಾಹೆಯ ಮೊದಲ ಅಕ್ಷರ ತಕಾರ, ಅದರ ಬೆಲೆ ಆರು. ಅದೇ ನಮ್ಮ ಸಂಖ್ಯೆಯ ಬಿಡಿಸ್ಥಾನ. ಸಂಖ್ಯಾಕ್ಷರಗಳಲ್ಲಿ ಕಡೆಯದು ಸಕಾರ, ಏಳು.

ಈ ಗ್ರಂಥಕ್ಕೆ 1359ರಲ್ಲಿ ಕೇಶವವರ್ಣಿಯು ಕನ್ನಡ ವೃತ್ತಿಯನ್ನು ಬರೆದನು. ಕನ್ನಡ ಲಿಪಿಯಲ್ಲಿ ಮಕಾರ ವಕಾರಗಳು ಎಷ್ಟು ಸಮೀಪದವೆಂಬುದು ಓಲೆಗರಿ ಓದಿದವರಿಗೆ ಗೊತ್ತು. ಮಕಾರಕ್ಕೆ ಐದು, ವಕಾರಕ್ಕೆ ನಾಲ್ಕು. ಲಿಪಿಕಾರ ಒಂದೆಡೆ ಮಕಾರವನ್ನು ವಕಾರವಾಗಿಸಿದನೆಂದುಕೊಳ್ಳಿ. ಹಿಡಿಯುವುದು ಹೇಗೆ? ಸಂಖ್ಯೆಯ ಅಂಕಗಳನ್ನೆಲ್ಲ ಕೂಡಿದರೆ 127. ಒಂಬತ್ತರಿಂದ ಭಾಗಿಸಿದರೆ ಶೇಷ 1. ಇತ್ತ ಆರು ಎರಡುಗಳ ಗುಣಲಬ್ಧ 64, ಅದರ ಶೇಷವೂ 1. ತೊಂಬತ್ತಾರೆಂದರೆ ಹದಿನಾರು ಆರುಗಳು, ಆದ್ದರಿಂದ ಇಡೀ ಸಂಖ್ಯೆಯ ಶೇಷವೂ 1 ಆಗಲೇಬೇಕು. ಆ ತಪ್ಪು ನುಸುಳಿದರೆ ಮೊತ್ತ 126, ಶೇಷ ಸೊನ್ನೆ. ಬರಿಯ ಎರಡುಗಳಿಂದಾದ ಸಂಖ್ಯೆ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುವುದು ಅಸಾಧ್ಯ. ಇನ್ನೊಂದೆಡೆ ವಕಾರ ಮಕಾರವಾಗಿ ಎರಡು ತಪ್ಪುಗಳು ಸರಿದೂಗಿದರೆ ಈ ಪರೀಕ್ಷೆ ಸೋಲುತ್ತದೆ. ಆಗ ಗುಣಿಸಿಯೇ ನೋಡಬೇಕು.

ಹಳೆಯ ಕಾವ್ಯದ ಪಾಠಾಂತರಗಳ ಮುಂದೆ ನಾವು ಸಂಪಾದಕರು ಛಂದಸ್ಸು, ಅರ್ಥ, ಊಹೆಗಳನ್ನು ನೆಚ್ಚಿ ವರ್ಷಗಟ್ಟಲೆ ವಾದಿಸುತ್ತೇವೆ. ಈ ಒಂದು ಗಾಹೆಯ ಶುದ್ಧಪಾಠವನ್ನು ಮಾತ್ರ ಗುಣಾಕಾರ ಬಲ್ಲ ಯಾವ ಶಾಲಾಬಾಲಕನೂ ಒಂದು ಸಂಜೆಯಲ್ಲಿ ನಿರ್ಣಯಿಸಬಲ್ಲ.